ಗೂಢಲಿಪೀಕರಣ ತಂತ್ರಾಂಶದ ರಫ್ತು ನಿಯಂತ್ರಣ

ಗೂಢಲಿಪೀಕರಣ ತಂತ್ರಾಂಶದ ರಫ್ತು ನಿಯಂತ್ರಣ ಎಂದರೆ ಮಾಹಿತಿಯನ್ನು ಗೋಪ್ಯವಾಗಿಡುವ ಸಾಮರ್ಥ್ಯವುಳ್ಳ ತಂತ್ರಾಂಶ, ಉಪಕರಣ ಮತ್ತು ತಾಂತ್ರಿಕ ಜ್ಞಾನವು ದೇಶದ ಗಡಿಯನ್ನು ದಾಟುವಾಗ ಸರ್ಕಾರವು ವಿಧಿಸುವ ಪರವಾನಗಿ, ವರ್ಗೀಕರಣ ಮತ್ತು ವರದಿ ಸಲ್ಲಿಕೆಯ ನಿಯಮಗಳ ವ್ಯವಸ್ಥೆ. ಶತಮಾನಗಳ ಕಾಲ ಸೈನ್ಯ ಮತ್ತು ರಾಯಭಾರ ಕಚೇರಿಗಳ ಸಾಧನವಾಗಿದ್ದ ಗೂಢಲಿಪಿಯು 20ನೆಯ ಶತಮಾನದ ಕೊನೆಯಲ್ಲಿ ಬ್ಯಾಂಕು, ವ್ಯಾಪಾರ ಮತ್ತು ದೂರಸಂಪರ್ಕಗಳ ದಿನಬಳಕೆಯ ವಸ್ತುವಾದಾಗ ಈ ನಿಯಮಗಳು ವಿವಾದಕ್ಕೆ ಒಳಗಾದವು. ಅಮೆರಿಕ ಸಂಯುಕ್ತ ಸಂಸ್ಥಾನವು 2000ದಲ್ಲಿ ತನ್ನ ನಿಯಂತ್ರಣಗಳನ್ನು ಬಹುಮಟ್ಟಿಗೆ ಸಡಿಲಿಸಿತು. ಭಾರತವು 2017ರಲ್ಲಿ ಮಾಹಿತಿ ಭದ್ರತೆಯ ಸರಕುಗಳನ್ನು ತನ್ನ ರಫ್ತು ನಿಯಂತ್ರಣ ಪಟ್ಟಿಗೆ ಸೇರಿಸಿತು. ತಂತ್ರಾಂಶ ರಫ್ತಿನಲ್ಲಿ ದೇಶದಲ್ಲೇ ಮುಂಚೂಣಿಯಲ್ಲಿರುವ ಕರ್ನಾಟಕಕ್ಕೆ ಎರಡೂ ದೇಶಗಳ ನಿಯಮಗಳು ಸಂಬಂಧಿಸಿವೆ.

ಪರಿಕಲ್ಪನೆ

ಓದಬಲ್ಲ ಮಾಹಿತಿಯನ್ನು ಗಣಿತದ ವಿಧಾನವೊಂದರಿಂದ ಓದಲಾಗದ ರೂಪಕ್ಕೆ ತಿರುಗಿಸುವುದೇ ಗೂಢಲಿಪೀಕರಣ. ಆ ವಿಧಾನವು ಎಲ್ಲರಿಗೂ ತಿಳಿದಿದ್ದರೂ ತೊಂದರೆಯಿಲ್ಲ. ಗುಟ್ಟಾಗಿರಬೇಕಾದದ್ದು ಕೀಲಿಕೈ ಎಂದು ಕರೆಯಲಾಗುವ ಸಂಖ್ಯೆ ಮಾತ್ರ. ಕೀಲಿಕೈಯ ಉದ್ದವನ್ನು ಬಿಟ್‌ಗಳಲ್ಲಿ ಅಳೆಯಲಾಗುತ್ತದೆ. ಒಂದು ಬಿಟ್ ಹೆಚ್ಚಿದಂತೆಲ್ಲ ಸಾಧ್ಯವಿರುವ ಕೀಲಿಕೈಗಳ ಸಂಖ್ಯೆ ಇಮ್ಮಡಿಯಾಗುತ್ತದೆ. 40 ಬಿಟ್‌ಗಳ ಕೀಲಿಕೈಗೆ ಸುಮಾರು 1.1 ಲಕ್ಷ ಕೋಟಿ ಸಾಧ್ಯತೆಗಳಿವೆ. ಇದು ದೊಡ್ಡ ಸಂಖ್ಯೆಯಂತೆ ಕಂಡರೂ ಒಂದೊಂದನ್ನೂ ಪ್ರಯತ್ನಿಸಿ ನೋಡುವುದು ಗಣಕಯಂತ್ರಕ್ಕೆ ಕಷ್ಟವಲ್ಲ. 56 ಬಿಟ್‌ಗಳ ಕೀಲಿಕೈಗೆ ಇದರ 65,536 ಪಟ್ಟು ಸಾಧ್ಯತೆಗಳಿರುತ್ತವೆ. 128 ಬಿಟ್‌ಗಳ ಕೀಲಿಕೈಯನ್ನು ಹೀಗೆ ಹುಡುಕಿ ತೆಗೆಯುವುದು ಇಂದಿನ ಯಾವ ಗಣಕಯಂತ್ರ ಸಮೂಹಕ್ಕೂ ಸಾಧ್ಯವಿಲ್ಲ.

ನಾಗರಿಕ ಮತ್ತು ಸೈನಿಕ ಉದ್ದೇಶಗಳೆರಡಕ್ಕೂ ಬಳಸಬಹುದಾದ ವಸ್ತುಗಳನ್ನು ರಫ್ತು ಕಾನೂನಿನಲ್ಲಿ ದ್ವಿಬಳಕೆಯ ಸರಕುಗಳು ಎನ್ನಲಾಗುತ್ತದೆ. ಗೂಢಲಿಪೀಕರಣ ತಂತ್ರಾಂಶವು ಈ ವರ್ಗಕ್ಕೆ ಸೇರಿದ್ದರೂ ಇತರ ದ್ವಿಬಳಕೆಯ ಸರಕುಗಳಿಂದ ಎರಡು ರೀತಿಯಲ್ಲಿ ಭಿನ್ನವಾಗಿದೆ. ಮೊದಲನೆಯದಾಗಿ, ಅದರ ಪ್ರತಿ ತೆಗೆಯಲು ಖರ್ಚಿಲ್ಲ. ಅದು ಬಂದರು ಅಥವಾ ಸುಂಕದ ಕಟ್ಟೆಯನ್ನು ಹಾಯದೆಯೇ ದೇಶದಿಂದ ದೇಶಕ್ಕೆ ಹೋಗಬಲ್ಲದು. ಎರಡನೆಯದಾಗಿ, ಅದರ ತಿರುಳಾದ ಗಣಿತವು ಪ್ರಕಟಿತ ಪ್ರಬಂಧಗಳಲ್ಲಿಯೂ ಪಠ್ಯಪುಸ್ತಕಗಳಲ್ಲಿಯೂ ಇದೆ. ನಿಯಂತ್ರಣದ ಇತಿಹಾಸದಲ್ಲಿ ಎದ್ದ ಬಹುತೇಕ ತಕರಾರುಗಳಿಗೆ ಈ ಎರಡು ಸಂಗತಿಗಳೇ ಮೂಲ.

ಹಿನ್ನೆಲೆ

ಎರಡನೆಯ ಮಹಾಯುದ್ಧದಲ್ಲಿ ಶತ್ರುಪಕ್ಷದ ಗೂಢಲಿಪಿಯನ್ನು ಭೇದಿಸಿದ್ದರಿಂದ ದೊರೆತ ಅನುಕೂಲವನ್ನು ಕಂಡಿದ್ದ ಪಾಶ್ಚಾತ್ಯ ರಾಷ್ಟ್ರಗಳು ಯುದ್ಧಾನಂತರ ಗೂಢಲಿಪಿ ಯಂತ್ರಗಳನ್ನು ಯುದ್ಧಸಾಮಗ್ರಿ ಎಂದೇ ಪರಿಗಣಿಸಿದವು. 1949ರಲ್ಲಿ ರಚಿತವಾದ ಕೊಕೊಮ್ ಎಂಬ ಸಮನ್ವಯ ಸಮಿತಿಯು ಸೋವಿಯತ್ ಬಣಕ್ಕೆ ತಂತ್ರಜ್ಞಾನವು ತಲುಪದಂತೆ ನೋಡಿಕೊಳ್ಳುತ್ತಿತ್ತು. ಅಮೆರಿಕದಲ್ಲಿ ಗೂಢಲಿಪೀಕರಣವು ಯುದ್ಧಸಾಮಗ್ರಿ ಪಟ್ಟಿಯಲ್ಲಿದ್ದು, ಅದರ ರಫ್ತಿಗೆ ವಿದೇಶಾಂಗ ಇಲಾಖೆಯ ಪರವಾನಗಿ ಬೇಕಾಗುತ್ತಿತ್ತು. ಅರ್ಜಿಗಳ ತಾಂತ್ರಿಕ ಪರಿಶೀಲನೆಯಲ್ಲಿ ರಾಷ್ಟ್ರೀಯ ಭದ್ರತಾ ಸಂಸ್ಥೆಯ ಅಭಿಪ್ರಾಯಕ್ಕೆ ಹೆಚ್ಚಿನ ತೂಕವಿತ್ತು.

1970ರ ದಶಕದಲ್ಲಿ ಎರಡು ಬದಲಾವಣೆಗಳಾದವು. 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಅವರು ಸಾರ್ವಜನಿಕ ಕೀಲಿಕೈಯ ತತ್ತ್ವವನ್ನು ಪ್ರಕಟಿಸಿದರು. 1977ರಲ್ಲಿ 56 ಬಿಟ್‌ಗಳ ಡಿಇಎಸ್ ಎಂಬ ವಿಧಾನವು ಅಮೆರಿಕದ ಅಧಿಕೃತ ಮಾನಕವಾಯಿತು. ಅದೇ ವರ್ಷ ರಿವೆಸ್ಟ್, ಶಮೀರ್ ಮತ್ತು ಏಡಲ್‌ಮನ್ ಅವರು ಆರ್‌ಎಸ್‌ಎ ವಿಧಾನವನ್ನು ರೂಪಿಸಿದರು. ಈ ಬೆಳವಣಿಗೆಗಳ ನಂತರ ಬಲವಾದ ಗೂಢಲಿಪಿಯನ್ನು ರಚಿಸುವ ವಿದ್ಯೆಯು ಸರ್ಕಾರಗಳ ಸ್ವತ್ತಾಗಿ ಉಳಿಯಲಿಲ್ಲ.

40 ಬಿಟ್‌ಗಳ ರಫ್ತು ಆವೃತ್ತಿ

1992ರಲ್ಲಿ ಅಮೆರಿಕ ಸರ್ಕಾರವು ತಂತ್ರಾಂಶ ಪ್ರಕಾಶಕರ ಸಂಘದೊಂದಿಗೆ ಒಂದು ಒಡಂಬಡಿಕೆಗೆ ಬಂದಿತು. ಅದರಂತೆ ಆರ್‌ಸಿ2 ಮತ್ತು ಆರ್‌ಸಿ4 ವಿಧಾನಗಳನ್ನು 40 ಬಿಟ್‌ಗಳ ಕೀಲಿಕೈಯೊಂದಿಗೆ ಬಳಸುವ ತಂತ್ರಾಂಶಗಳಿಗೆ ಶೀಘ್ರ ಪರಿಶೀಲನೆಯ ಮೂಲಕ ರಫ್ತಿನ ಅನುಮತಿ ದೊರೆಯತೊಡಗಿತು. ಪರಿಣಾಮವಾಗಿ ಒಂದೇ ತಂತ್ರಾಂಶವು ಎರಡು ರೂಪಗಳಲ್ಲಿ ಮಾರಾಟವಾಗುವ ಪದ್ಧತಿ ಬೆಳೆಯಿತು. ನೆಟ್‌ಸ್ಕೇಪ್ ಜಾಲವೀಕ್ಷಕದ ಅಮೆರಿಕದ ಆವೃತ್ತಿಯಲ್ಲಿ 128 ಬಿಟ್‌ಗಳ ರಕ್ಷಣೆಯಿದ್ದರೆ, ಭಾರತವೂ ಸೇರಿದಂತೆ ಹೊರದೇಶಗಳಿಗೆ ಸಿಗುತ್ತಿದ್ದ ಆವೃತ್ತಿಯಲ್ಲಿ 40 ಬಿಟ್‌ಗಳಷ್ಟೇ ಇರುತ್ತಿದ್ದವು. ಕೀಲಿಕೈ ವಿನಿಮಯಕ್ಕೆ ಬಳಸುವ ಆರ್‌ಎಸ್‌ಎ ಸಂಖ್ಯೆಗೂ ರಫ್ತು ಆವೃತ್ತಿಯಲ್ಲಿ 512 ಬಿಟ್‌ಗಳ ಮಿತಿಯಿತ್ತು. ಎರಡೂ ಆವೃತ್ತಿಗಳು ನೋಡಲು ಒಂದೇ ಬಗೆಯಾಗಿದ್ದುದರಿಂದ ಸಾಮಾನ್ಯ ಬಳಕೆದಾರರಿಗೆ ವ್ಯತ್ಯಾಸ ತಿಳಿಯುವುದು ಕಷ್ಟವಾಗಿತ್ತು.

ಈ ಮಿತಿಯ ದೌರ್ಬಲ್ಯವು ಬೇಗನೆ ಬಯಲಾಯಿತು. 1995ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಡೇಮಿಯನ್ ಡೊಲಿಜೆ ಅವರು ಸುಮಾರು 120 ಗಣಕಯಂತ್ರಗಳ ಬಿಡುವಿನ ಸಮಯವನ್ನು ಬಳಸಿಕೊಂಡು ನೆಟ್‌ಸ್ಕೇಪ್‌ನ 40 ಬಿಟ್‌ಗಳ ಸಂದೇಶವೊಂದರ ಕೀಲಿಕೈಯನ್ನು ಎಂಟು ದಿನಗಳಲ್ಲಿ ಕಂಡುಹಿಡಿದರು. 1997ರ ಜನವರಿಯಲ್ಲಿ ಬರ್ಕ್ಲಿಯ ವಿದ್ಯಾರ್ಥಿ ಇಯಾನ್ ಗೋಲ್ಡ್‌ಬರ್ಗ್ ಅವರು 40 ಬಿಟ್‌ಗಳ ಮತ್ತೊಂದು ಸವಾಲನ್ನು ಸುಮಾರು ಮೂರೂವರೆ ಗಂಟೆಗಳಲ್ಲಿ ಬಿಡಿಸಿದರು. 1998ರ ಜುಲೈನಲ್ಲಿ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಸಂಸ್ಥೆಯು 2.5 ಲಕ್ಷ ಡಾಲರ್‌ಗಿಂತ ಕಡಿಮೆ ವೆಚ್ಚದಲ್ಲಿ ನಿರ್ಮಿಸಿದ ಯಂತ್ರವು 56 ಬಿಟ್‌ಗಳ ಡಿಇಎಸ್ ಕೀಲಿಕೈಯನ್ನು 56 ಗಂಟೆಗಳಲ್ಲಿ ಹುಡುಕಿತು.

ಬಲವನ್ನು ಹೆಚ್ಚಿಸಿಯೂ ಸರ್ಕಾರದ ಒಪ್ಪಿಗೆ ಪಡೆಯಲು ಕೆಲವು ಸಂಸ್ಥೆಗಳು ಬೇರೆ ದಾರಿ ಹುಡುಕಿದವು. 1996ರಲ್ಲಿ ಬಂದ ಲೋಟಸ್ ನೋಟ್ಸ್ ತಂತ್ರಾಂಶದ ಅಂತಾರಾಷ್ಟ್ರೀಯ ಆವೃತ್ತಿಯಲ್ಲಿ 64 ಬಿಟ್‌ಗಳ ಕೀಲಿಕೈ ಇದ್ದರೂ, ಅದರ 24 ಬಿಟ್‌ಗಳನ್ನು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ಮಾತ್ರ ಓದಬಲ್ಲ ರೂಪದಲ್ಲಿ ಪ್ರತಿ ಸಂದೇಶದ ಜೊತೆ ಸೇರಿಸಲಾಗುತ್ತಿತ್ತು. ಹೀಗಾಗಿ ಉಳಿದವರಿಗೆ 64 ಬಿಟ್‌ಗಳ ಬೀಗವಾಗಿದ್ದದ್ದು ಆ ಸಂಸ್ಥೆಗೆ 40 ಬಿಟ್‌ಗಳ ಬೀಗವಾಗಿತ್ತು. ಈ ತಂತ್ರಾಂಶವನ್ನು ಸರ್ಕಾರಿ ಕೆಲಸಕ್ಕೆ ಬಳಸುತ್ತಿದ್ದ ಸ್ವೀಡನ್‌ನಲ್ಲಿ 1997ರಲ್ಲಿ ಇದು ವಿವಾದವಾಯಿತು.

ಪುಸ್ತಕ, ಫ್ಲಾಪಿ ಮತ್ತು ನ್ಯಾಯಾಲಯ

ಮುದ್ರಿತ ಪುಸ್ತಕಕ್ಕೆ ಅಮೆರಿಕದ ಸಂವಿಧಾನದಲ್ಲಿ ಇರುವ ರಕ್ಷಣೆಯು ತಂತ್ರಾಂಶಕ್ಕೂ ಇದೆಯೇ ಎಂಬುದು ಈ ಅವಧಿಯ ಮುಖ್ಯ ಕಾನೂನು ಪ್ರಶ್ನೆಯಾಗಿತ್ತು. 1994ರಲ್ಲಿ ಫಿಲ್ ಕಾರ್ನ್ ಎಂಬ ಅಭಿಯಂತರರು ಬ್ರೂಸ್ ಷ್ನಯರ್ ಅವರ ಗೂಢಲಿಪಿಶಾಸ್ತ್ರದ ಗ್ರಂಥವೊಂದನ್ನು ರಫ್ತು ಮಾಡಬಹುದೇ ಎಂದು ಕೇಳಿದಾಗ ಪುಸ್ತಕಕ್ಕೆ ಪರವಾನಗಿ ಬೇಕಿಲ್ಲವೆಂಬ ಉತ್ತರ ಬಂದಿತು. ಅದೇ ಪುಸ್ತಕದಲ್ಲಿ ಅಚ್ಚಾಗಿದ್ದ ಆದೇಶಸಾಲುಗಳನ್ನು ಫ್ಲಾಪಿ ತಟ್ಟೆಯಲ್ಲಿ ತುಂಬಿ ಕೇಳಿದಾಗ ಅದನ್ನು ಯುದ್ಧಸಾಮಗ್ರಿ ಎಂದು ವರ್ಗೀಕರಿಸಲಾಯಿತು.

ಫಿಲ್ ಜಿಮ್ಮರ್‌ಮನ್ ಅವರು 1991ರಲ್ಲಿ ಉಚಿತವಾಗಿ ಹಂಚಿದ ಪಿಜಿಪಿ ಎಂಬ ಮಿಂಚಂಚೆ ರಕ್ಷಣೆಯ ತಂತ್ರಾಂಶವು ಅಂತರಜಾಲದ ಮೂಲಕ ಹೊರದೇಶಗಳಿಗೆ ಹರಡಿತು. ಪರವಾನಗಿಯಿಲ್ಲದೆ ಯುದ್ಧಸಾಮಗ್ರಿ ರಫ್ತಾಗಿದೆಯೇ ಎಂಬ ಬಗ್ಗೆ ಅವರ ವಿರುದ್ಧ 1993ರಲ್ಲಿ ತನಿಖೆ ಆರಂಭವಾಗಿ, 1996ರ ಜನವರಿಯಲ್ಲಿ ಯಾವ ಆರೋಪವನ್ನೂ ಹೊರಿಸದೆ ಮುಕ್ತಾಯವಾಯಿತು. ಈ ನಡುವೆ ಪಿಜಿಪಿಯ ಸಂಪೂರ್ಣ ಆಕರ ಸಂಕೇತವನ್ನು 1995ರಲ್ಲಿ ಎಂಐಟಿ ಮುದ್ರಣಾಲಯವು ಪುಸ್ತಕರೂಪದಲ್ಲಿ ಪ್ರಕಟಿಸಿತು. ನಂತರದ ಆವೃತ್ತಿಯ ಮುದ್ರಿತ ಪುಟಗಳನ್ನು 1997ರಲ್ಲಿ ಯುರೋಪಿನಲ್ಲಿ ಸ್ಕ್ಯಾನ್ ಮಾಡಿ, ಕಾನೂನು ಮುರಿಯದೆಯೇ ಅಂತಾರಾಷ್ಟ್ರೀಯ ಆವೃತ್ತಿಯನ್ನು ಸಿದ್ಧಪಡಿಸಲಾಯಿತು.

ಬರ್ಕ್ಲಿಯಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಡೇನಿಯಲ್ ಬರ್ನ್‌ಸ್ಟೈನ್ ಅವರು ತಾವು ರಚಿಸಿದ ವಿಧಾನವನ್ನು ಪ್ರಕಟಿಸಲು ಪರವಾನಗಿ ಪಡೆಯಬೇಕೆಂಬ ನಿಯಮವನ್ನು 1995ರಲ್ಲಿ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಆಕರ ಸಂಕೇತವು ಅಭಿವ್ಯಕ್ತಿಯ ಒಂದು ರೂಪವೆಂದು ಜಿಲ್ಲಾ ನ್ಯಾಯಾಲಯವು 1996ರಲ್ಲಿ ಹೇಳಿತು. 1999ರ ಮೇ 6ರಂದು ಮೇಲ್ಮನವಿ ನ್ಯಾಯಾಲಯದ ಪೀಠವೊಂದು ಅವರ ಪರವಾಗಿ ತೀರ್ಪು ನೀಡಿತು. ಆ ತೀರ್ಪಿನ ಮರುಪರಿಶೀಲನೆ ನಡೆಯುವ ಮೊದಲೇ ಸರ್ಕಾರವು ನಿಯಮಗಳನ್ನು ಬದಲಿಸಿತು.

ಸಡಿಲಿಕೆ

1996ರ ನವೆಂಬರ್ 15ರ ಅಧ್ಯಕ್ಷೀಯ ಆದೇಶದಂತೆ ವಾಣಿಜ್ಯ ಗೂಢಲಿಪೀಕರಣವನ್ನು ಯುದ್ಧಸಾಮಗ್ರಿ ಪಟ್ಟಿಯಿಂದ ತೆಗೆದು ವಾಣಿಜ್ಯ ಇಲಾಖೆಯ ವ್ಯಾಪ್ತಿಗೆ ಒಪ್ಪಿಸಲಾಯಿತು. ಆರಂಭದಲ್ಲಿ 56 ಬಿಟ್‌ಗಳ ತಂತ್ರಾಂಶದ ರಫ್ತಿಗೆ ಅನುಮತಿ ಪಡೆಯಲು, ಅಗತ್ಯಬಿದ್ದಾಗ ಸರ್ಕಾರಕ್ಕೆ ಕೀಲಿಕೈ ದೊರೆಯುವ ವ್ಯವಸ್ಥೆಯನ್ನು ರೂಪಿಸುವುದಾಗಿ ಸಂಸ್ಥೆಗಳು ಒಪ್ಪಬೇಕಿತ್ತು. ಹಣಕಾಸು ಸಂಸ್ಥೆಗಳಿಗೆ ಮಾತ್ರ ವಿನಾಯಿತಿ ನೀಡಲಾಯಿತು: ವಿಶೇಷ ಪ್ರಮಾಣಪತ್ರ ಪಡೆದ ಬ್ಯಾಂಕಿನ ಜಾಲತಾಣವನ್ನು ತೆರೆದಾಗ ರಫ್ತು ಆವೃತ್ತಿಯ ಜಾಲವೀಕ್ಷಕವೂ 128 ಬಿಟ್‌ಗಳಿಗೆ ಏರುತ್ತಿತ್ತು.

ಅಷ್ಟರಲ್ಲಿ ಈ ಉದ್ಯಮದ ಒಂದು ಭಾಗವು ಅಮೆರಿಕದಿಂದ ಹೊರಗೆ ಬೆಳೆದಿತ್ತು. ಓಪನ್‌ಎಸ್‌ಎಸ್‌ಎಲ್‌ನ ಮೂಲವಾದ ಎಸ್‌ಎಸ್‌ಎಲ್‌ಇಎವೈ ಆಸ್ಟ್ರೇಲಿಯದಲ್ಲಿ ರಚಿತವಾಗಿತ್ತು. ಪ್ರಮಾಣಪತ್ರಗಳನ್ನು ನೀಡುವ ಥಾಟ್ ಸಂಸ್ಥೆಯು ದಕ್ಷಿಣ ಆಫ್ರಿಕದಲ್ಲಿತ್ತು. ಡೆಬಿಯನ್ ಯೋಜನೆಯು ಗೂಢಲಿಪೀಕರಣದ ಪೊಟ್ಟಣಗಳನ್ನು ಅಮೆರಿಕದ ಹೊರಗಿನ ಸರ್ವರ್‌ಗಳಲ್ಲಿ ಪ್ರತ್ಯೇಕವಾಗಿ ಇರಿಸುತ್ತಿತ್ತು. 2000ದ ಜನವರಿಯಲ್ಲಿ ಪ್ರಕಟವಾದ ನಿಯಮಗಳು ಯಾವುದೇ ಉದ್ದದ ಕೀಲಿಕೈಯುಳ್ಳ ಚಿಲ್ಲರೆ ಮಾರಾಟದ ತಂತ್ರಾಂಶವನ್ನು, ತಾಂತ್ರಿಕ ಪರಿಶೀಲನೆಯ ನಂತರ, ನಿರ್ಬಂಧಿತ ದೇಶಗಳನ್ನುಳಿದು ಎಲ್ಲೆಡೆಗೂ ಕಳುಹಿಸಲು ಅವಕಾಶ ನೀಡಿದವು. ಸಾರ್ವಜನಿಕವಾಗಿ ಪ್ರಕಟಿಸಿದ ಆಕರ ಸಂಕೇತಕ್ಕೆ ಸರ್ಕಾರಕ್ಕೊಂದು ಸೂಚನೆ ಕಳುಹಿಸಿದರೆ ಸಾಕಾಗುತ್ತಿತ್ತು. 2021ರಲ್ಲಿ, ಪ್ರಮಾಣಿತವಲ್ಲದ ವಿಧಾನಗಳನ್ನು ಬಳಸುವ ಸಂದರ್ಭವನ್ನು ಬಿಟ್ಟು, ಈ ಸೂಚನೆಯ ಅಗತ್ಯವನ್ನೂ ಕೈಬಿಡಲಾಯಿತು.

ವಾಸೆನಾರ್ ಒಪ್ಪಂದ

ಕೊಕೊಮ್ 1994ರಲ್ಲಿ ವಿಸರ್ಜನೆಗೊಂಡ ಬಳಿಕ 1996ರಲ್ಲಿ ವಾಸೆನಾರ್ ವ್ಯವಸ್ಥೆ ಜಾರಿಗೆ ಬಂದಿತು. ಸಾಂಪ್ರದಾಯಿಕ ಶಸ್ತ್ರಾಸ್ತ್ರಗಳು ಮತ್ತು ದ್ವಿಬಳಕೆಯ ಸರಕುಗಳ ಒಂದು ಸಮಾನ ಪಟ್ಟಿಯನ್ನು ಸದಸ್ಯ ರಾಷ್ಟ್ರಗಳು ಒಪ್ಪಿಕೊಂಡು, ತಮ್ಮ ತಮ್ಮ ಕಾನೂನುಗಳ ಮೂಲಕ ಜಾರಿಗೊಳಿಸುತ್ತವೆ. ಪಟ್ಟಿಯ 5ನೆಯ ವರ್ಗದ 2ನೆಯ ಭಾಗವು ಮಾಹಿತಿ ಭದ್ರತೆಗೆ ಸಂಬಂಧಿಸಿದೆ. ಅದರ ಪ್ರಕಾರ 56 ಬಿಟ್‌ಗಳನ್ನು ಮೀರಿದ ಸಮಮಿತ ಕೀಲಿಕೈ, 512 ಬಿಟ್‌ಗಳನ್ನು ಮೀರಿದ ಆರ್‌ಎಸ್‌ಎ ಬಗೆಯ ಕೀಲಿಕೈ ಅಥವಾ 112 ಬಿಟ್‌ಗಳನ್ನು ಮೀರಿದ ದೀರ್ಘವೃತ್ತೀಯ ವಕ್ರರೇಖೆಯ ಕೀಲಿಕೈಯನ್ನು ಗೋಪ್ಯತೆಗಾಗಿ ಬಳಸುವ ಸರಕುಗಳು ನಿಯಂತ್ರಣಕ್ಕೆ ಒಳಪಡುತ್ತವೆ. ಇಂದಿನ ಯಾವುದೇ ಸಾಧಾರಣ ಮೊಬೈಲ್ ಫೋನ್ ಈ ಮಿತಿಗಳನ್ನು ಮೀರುತ್ತದೆ.

ಆದಕಾರಣ ಪಟ್ಟಿಗಿಂತಲೂ ಅದರಲ್ಲಿನ ವಿನಾಯಿತಿಗಳೇ ವ್ಯವಹಾರದಲ್ಲಿ ಹೆಚ್ಚು ಮುಖ್ಯವಾಗಿವೆ. ಅಂಗಡಿಯಲ್ಲಿ ಅಥವಾ ಅಂತರಜಾಲದಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ, ಬಳಕೆದಾರನು ಗೂಢಲಿಪಿಯ ಭಾಗವನ್ನು ಸುಲಭವಾಗಿ ಬದಲಾಯಿಸಲಾಗದ, ಮಾರಾಟಗಾರನ ಹೆಚ್ಚಿನ ನೆರವಿಲ್ಲದೆ ಸ್ಥಾಪಿಸಬಹುದಾದ ಸರಕುಗಳಿಗೆ ನಿಯಂತ್ರಣವು ಅನ್ವಯಿಸುವುದಿಲ್ಲ. 1998ರ ಡಿಸೆಂಬರ್‌ನಲ್ಲಿ ಈ ವಿನಾಯಿತಿಗೆ 64 ಬಿಟ್‌ಗಳ ಮೇಲ್ಮಿತಿಯನ್ನು ಹಾಕಲಾಗಿತ್ತು. 2000ದಲ್ಲಿ ಆ ಮಿತಿಯನ್ನು ತೆಗೆದುಹಾಕಲಾಯಿತು. ಸಾರ್ವಜನಿಕವಾಗಿ ಪ್ರಕಟವಾದ ತಂತ್ರಾಂಶಕ್ಕೂ ವಿನಾಯಿತಿಯಿದೆ.

ಗೋಪ್ಯತೆ ಮತ್ತು ದೃಢೀಕರಣ

ನಿಯಂತ್ರಣಗಳು ಗೂಢಲಿಪಿಯ ಎರಡು ಉಪಯೋಗಗಳನ್ನು ಬೇರೆಬೇರೆಯಾಗಿ ಕಾಣುತ್ತವೆ. ಸಂದೇಶವನ್ನು ಮರೆಮಾಡುವುದು ಗೋಪ್ಯತೆ. ಸಂದೇಶವು ಇಂಥವರಿಂದಲೇ ಬಂದಿದೆ ಮತ್ತು ದಾರಿಯಲ್ಲಿ ತಿದ್ದಲ್ಪಟ್ಟಿಲ್ಲ ಎಂದು ಸಾಬೀತುಪಡಿಸುವುದು ದೃಢೀಕರಣ. ಡಿಜಿಟಲ್ ಸಹಿಯು ಎರಡನೆಯ ಬಗೆಗೆ ಸೇರಿದ್ದು, ರಫ್ತು ನಿಯಮಗಳಲ್ಲಿ ಅದಕ್ಕೆ ಮೊದಲಿನಿಂದಲೂ ಹೆಚ್ಚಿನ ಸ್ವಾತಂತ್ರ್ಯವಿದೆ.

ಕರ್ನಾಟಕದ ಪಹಣಿಯು ಈ ವ್ಯತ್ಯಾಸಕ್ಕೆ ಉತ್ತಮ ನಿದರ್ಶನ. ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಭೂದಾಖಲೆಗಳನ್ನು ಗಣಕೀಕರಿಸಲಾಯಿತು. ಪಹಣಿಯಲ್ಲಿ ಬರೆದಿರುವ ಸರ್ವೆ ನಂಬರು, ವಿಸ್ತೀರ್ಣ ಮತ್ತು ಖಾತೆದಾರರ ವಿವರಗಳು ಗುಟ್ಟಿನ ವಿಷಯಗಳಲ್ಲ. ಯಾರು ಬೇಕಾದರೂ ಕೇಳಿ ಪಡೆಯಬಹುದು. ಆದರೆ ಅದನ್ನು ನಂಬಿ ಸಾಲ ಕೊಡುವ ಬ್ಯಾಂಕಿಗೂ ಜಮೀನು ಕೊಳ್ಳುವವನಿಗೂ ಅದು ಅಸಲಿ ಎಂಬ ಖಾತ್ರಿ ಬೇಕು. ಆ ಖಾತ್ರಿಯನ್ನು ಡಿಜಿಟಲ್ ಸಹಿ ನೀಡುತ್ತದೆ. ಇದೇ ಪಹಣಿಯ ಆಧಾರದ ಮೇಲೆ ರೈತನು ಬ್ಯಾಂಕಿನೊಡನೆ ನಡೆಸುವ ಹಣದ ವ್ಯವಹಾರಕ್ಕಾದರೋ ಗೋಪ್ಯತೆಯೂ ಬೇಕಾಗುತ್ತದೆ. ರಫ್ತು ಕಾನೂನಿನ ಕಣ್ಣಿರುವುದು ಈ ಎರಡನೆಯದರ ಮೇಲೆ.

ಭಾರತದಲ್ಲಿ ಆಂತರಿಕ ಮಿತಿಗಳು

ಭಾರತದಲ್ಲಿ ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಸಾರ್ವಜನಿಕ ಅಂತರಜಾಲ ಸೇವೆಯನ್ನು ಆರಂಭಿಸಿತು. 1998ರಲ್ಲಿ ಈ ಕ್ಷೇತ್ರವನ್ನು ಖಾಸಗಿ ಸಂಸ್ಥೆಗಳಿಗೆ ತೆರೆಯಲಾಯಿತು. ದೂರಸಂಪರ್ಕ ಇಲಾಖೆಯ ಅನುಮತಿ ಕರಾರಿನಂತೆ ವ್ಯಕ್ತಿಗಳೂ ಸಂಸ್ಥೆಗಳೂ ಆರ್‌ಎಸ್‌ಎ ಅಥವಾ ಅದಕ್ಕೆ ಸಮನಾದ ವಿಧಾನದಲ್ಲಿ 40 ಬಿಟ್‌ಗಳವರೆಗಿನ ಕೀಲಿಕೈಯನ್ನು ಮಾತ್ರ ಪೂರ್ವಾನುಮತಿಯಿಲ್ಲದೆ ಬಳಸಬಹುದಾಗಿತ್ತು. ಅದಕ್ಕಿಂತ ಬಲವಾದದ್ದನ್ನು ಬಳಸಲು ಇಲಾಖೆಯ ಲಿಖಿತ ಅನುಮತಿ ಪಡೆದು, ಕೀಲಿಕೈಯನ್ನು ಎರಡು ಭಾಗಗಳಾಗಿ ಇಲಾಖೆಯಲ್ಲಿ ಠೇವಣಿಯಿಡಬೇಕಿತ್ತು. ಆರ್‌ಎಸ್‌ಎ ವಿಧಾನದಲ್ಲಿ 40 ಬಿಟ್‌ಗಳೆಂದರೆ ಹದಿಮೂರು ಅಂಕಿಗಳನ್ನು ಮೀರದ ಸಂಖ್ಯೆ. ಅದನ್ನು ಅಪವರ್ತಿಸಲು ಸಾಮಾನ್ಯ ಗಣಕಯಂತ್ರಕ್ಕೂ ಕ್ಷಣಮಾತ್ರ ಸಾಕು. ಅಮೆರಿಕವು 40 ಬಿಟ್‌ಗಳ ರಫ್ತು ಮಿತಿಯನ್ನು ಕೈಬಿಟ್ಟ ನಂತರವೂ ಭಾರತದ ಈ ಷರತ್ತು ಮುಂದುವರಿಯಿತು.

ಇದೇ ಕಾಲದಲ್ಲಿ ಇತರ ನಿಯಂತ್ರಕ ಸಂಸ್ಥೆಗಳು ವಿರುದ್ಧ ದಿಕ್ಕಿನಲ್ಲಿ ಸಾಗಿದವು. ಭಾರತೀಯ ರಿಸರ್ವ್ ಬ್ಯಾಂಕು 2001ರ ಜೂನ್‌ನಲ್ಲಿ ಹೊರಡಿಸಿದ ಅಂತರಜಾಲ ಬ್ಯಾಂಕಿಂಗ್ ಮಾರ್ಗಸೂಚಿಯಲ್ಲಿ ಕನಿಷ್ಠ 128 ಬಿಟ್‌ಗಳ ರಕ್ಷಣೆಯನ್ನು ಸೂಚಿಸಿತು. 2000ದ ಅಕ್ಟೋಬರ್ 17ರಂದು ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಕಾಯಿದೆಯು ಡಿಜಿಟಲ್ ಸಹಿಗೆ ಕಾನೂನಿನ ಮಾನ್ಯತೆ ನೀಡಿತು. ಹೀಗೆ ಒಂದು ಕಚೇರಿಯ ನಿಯಮವನ್ನು ಅಕ್ಷರಶಃ ಪಾಲಿಸಿದರೆ ಇನ್ನೊಂದು ಕಚೇರಿಯ ನಿಯಮವನ್ನು ಪಾಲಿಸಲಾಗದ ಸ್ಥಿತಿ ಉಂಟಾಯಿತು.

2008ರ ತಿದ್ದುಪಡಿಯ ಮೂಲಕ ಸೇರಿಸಲಾದ 84ಎ ವಿಧಿಯು ಗೂಢಲಿಪೀಕರಣದ ವಿಧಾನಗಳನ್ನು ನಿಗದಿಪಡಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೀಡಿದೆ. ಇದರ ಅಡಿಯಲ್ಲಿ 2015ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ರಾಷ್ಟ್ರೀಯ ಗೂಢಲಿಪೀಕರಣ ನೀತಿಯ ಕರಡು, ಬಳಕೆದಾರರು ತಾವು ಗೂಢಲಿಪಿಯಲ್ಲಿ ಕಳುಹಿಸಿದ ಮಾಹಿತಿಯ ಮೂಲಪಠ್ಯವನ್ನು 90 ದಿನಗಳ ಕಾಲ ಉಳಿಸಿಕೊಂಡಿರಬೇಕೆಂದು ಹೇಳಿತ್ತು. ವ್ಯಾಪಕ ವಿರೋಧ ಬಂದುದರಿಂದ ಸೆಪ್ಟೆಂಬರ್ 22ರಂದು ಕರಡನ್ನು ಹಿಂತೆಗೆದುಕೊಳ್ಳಲಾಯಿತು.

ಭಾರತದ ರಫ್ತು ನಿಯಂತ್ರಣ

ಭಾರತದಲ್ಲಿ ದ್ವಿಬಳಕೆಯ ಸರಕುಗಳ ರಫ್ತು 1992ರ ವಿದೇಶ ವ್ಯಾಪಾರ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯಿದೆಗೆ ಒಳಪಟ್ಟಿದೆ. 2010ರ ತಿದ್ದುಪಡಿಯು ನಿರ್ದಿಷ್ಟ ಸರಕು, ಸೇವೆ ಮತ್ತು ತಂತ್ರಜ್ಞಾನಗಳಿಗೆ ಸಂಬಂಧಿಸಿದ ಪ್ರತ್ಯೇಕ ಅಧ್ಯಾಯವನ್ನು ಸೇರಿಸಿತು. ವಿಶೇಷ ರಾಸಾಯನಿಕಗಳು, ಜೀವಿಗಳು, ಸಾಮಗ್ರಿಗಳು, ಉಪಕರಣಗಳು ಮತ್ತು ತಂತ್ರಜ್ಞಾನಗಳ ಪಟ್ಟಿಯನ್ನು ಸಂಕ್ಷಿಪ್ತವಾಗಿ ಸ್ಕೊಮೆಟ್ ಪಟ್ಟಿ ಎನ್ನುತ್ತಾರೆ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು ಇದನ್ನು ಪ್ರಕಟಿಸುತ್ತದೆ. ಪರವಾನಗಿಯ ಅರ್ಜಿಗಳನ್ನು ಅಂತರ್‌ಸಚಿವಾಲಯ ಕಾರ್ಯತಂಡವು ಪರಿಶೀಲಿಸುತ್ತದೆ.

2017ರ ಏಪ್ರಿಲ್‌ನ ಅಧಿಸೂಚನೆಯು ವಾಸೆನಾರ್ ಪಟ್ಟಿಗೆ ಹೊಂದುವ 8ನೆಯ ವರ್ಗವನ್ನು ಸ್ಕೊಮೆಟ್‌ಗೆ ಸೇರಿಸಿತು. ಅದರಲ್ಲಿ ಎಲೆಕ್ಟ್ರಾನಿಕ್ಸ್, ಗಣಕಯಂತ್ರ, ದೂರಸಂಪರ್ಕಗಳ ಜೊತೆಗೆ ಮಾಹಿತಿ ಭದ್ರತೆಯೂ ಸೇರಿದೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಭಾರತವು ವಾಸೆನಾರ್ ವ್ಯವಸ್ಥೆಯ 42ನೆಯ ಸದಸ್ಯ ರಾಷ್ಟ್ರವಾಯಿತು. ಒಂದು ಕಾಲದಲ್ಲಿ ದುರ್ಬಲ ರಫ್ತು ಆವೃತ್ತಿಯನ್ನು ಪಡೆಯುವ ಸ್ಥಾನದಲ್ಲಿದ್ದ ದೇಶವು ಈಗ ರಫ್ತಿಗೆ ಪರವಾನಗಿ ನೀಡುವ ಸ್ಥಾನಕ್ಕೆ ಬಂದಿತು. ಸಾಮೂಹಿಕ ಮಾರಾಟದ ಸರಕುಗಳಿಗೂ ಸಾರ್ವಜನಿಕ ತಂತ್ರಾಂಶಕ್ಕೂ ವಾಸೆನಾರ್‌ನಲ್ಲಿರುವ ವಿನಾಯಿತಿಗಳು ಭಾರತದ ಪಟ್ಟಿಯಲ್ಲಿಯೂ ಇವೆ. ಪ್ರತಿ ಸಾಗಣೆಗೂ ಪ್ರತ್ಯೇಕ ಅರ್ಜಿ ಸಲ್ಲಿಸುವ ಹೊರೆಯನ್ನು ತಗ್ಗಿಸಲು, ಒಂದೇ ಸಮೂಹದ ಸಂಸ್ಥೆಗಳ ನಡುವಿನ ವರ್ಗಾವಣೆಗೂ ಮಾಹಿತಿ ಭದ್ರತೆಯ ಕೆಲವು ಸರಕುಗಳಿಗೂ ಸಾಮಾನ್ಯ ಅನುಮತಿಯ ವ್ಯವಸ್ಥೆಗಳನ್ನು ನಂತರ ತರಲಾಯಿತು.

ಕರ್ನಾಟಕದ ಸಂದರ್ಭ

ತಂತ್ರಾಂಶದ ರಫ್ತಿಗೆ ಬಂದರು ಬೇಡವೆಂಬುದು ಕರ್ನಾಟಕದಲ್ಲಿ ಬಹಳ ಮೊದಲೇ ತಿಳಿದ ಸಂಗತಿ. 1985ರಲ್ಲಿ ಬೆಂಗಳೂರಿನಲ್ಲಿ ಕೇಂದ್ರವನ್ನು ತೆರೆದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತನ್ನ ವಿನ್ಯಾಸದ ಕೆಲಸವನ್ನು ಉಪಗ್ರಹ ಸಂಪರ್ಕದ ಮೂಲಕ ಹೊರದೇಶಕ್ಕೆ ಕಳುಹಿಸುತ್ತಿತ್ತು. ಇಂದು ಬೆಂಗಳೂರಿನಲ್ಲಿರುವ ಬಹುರಾಷ್ಟ್ರೀಯ ಸಂಸ್ಥೆಗಳ ಅಭಿವೃದ್ಧಿ ಕೇಂದ್ರಗಳಿಗೆ ಎರಡು ಕಾನೂನುಗಳು ಒಟ್ಟಿಗೆ ಅನ್ವಯಿಸುತ್ತವೆ. ಅಮೆರಿಕದ ಮಾತೃಸಂಸ್ಥೆಯು ಗೂಢಲಿಪಿಯ ಆಕರ ಸಂಕೇತವನ್ನು ಬೆಂಗಳೂರಿನ ಶಾಖೆಗೆ ಕಳುಹಿಸುವುದು ಅಮೆರಿಕದ ಕಾನೂನಿನಲ್ಲಿ ರಫ್ತು. ಆಂತರಿಕ ಅಭಿವೃದ್ಧಿಗಾಗಿ ತನ್ನ ಶಾಖೆಗಳಿಗೂ ವಿದೇಶಿ ಉದ್ಯೋಗಿಗಳಿಗೂ ಕಳುಹಿಸಲು ಅಲ್ಲಿ ವಿನಾಯಿತಿಯಿದೆ. ಬೆಂಗಳೂರಿನ ಶಾಖೆಯು ಸಿದ್ಧಪಡಿಸಿದ್ದನ್ನು ಹಿಂದಿರುಗಿಸುವುದು ಭಾರತದ ಕಾನೂನಿನಲ್ಲಿ ರಫ್ತು. ಅದು ಸ್ಕೊಮೆಟ್ ಪಟ್ಟಿಗೆ ಸೇರುತ್ತದೆಯೇ ಎಂದು ನೋಡಬೇಕಾಗುತ್ತದೆ. ಮಿಂಚಂಚೆ ಅಥವಾ ಸರ್ವರ್‌ನ ಮೂಲಕ ನಡೆಯುವ ವರ್ಗಾವಣೆಯೂ ರಫ್ತೆಂದೇ ಪರಿಗಣಿತವಾಗುತ್ತದೆ.

ಸಣ್ಣ ಸಂಸ್ಥೆಗಳೂ ಒಬ್ಬೊಬ್ಬರಾಗಿ ಕೆಲಸ ಮಾಡುವ ತಂತ್ರಜ್ಞರೂ ಈ ನಿಯಮಗಳಿಂದ ಹೊರತಲ್ಲ. ಐಫೋನ್‌ಗೆ ಕಿರುತಂತ್ರಾಂಶವನ್ನು ರೂಪಿಸುವ ವ್ಯಕ್ತಿಯು ಅದನ್ನು ಆಪಲ್ ಸಂಸ್ಥೆಯ ಮಳಿಗೆಗೆ ಏರಿಸುವಾಗ ಅದರಲ್ಲಿ ಗೂಢಲಿಪೀಕರಣವಿದೆಯೇ ಎಂಬ ಪ್ರಶ್ನೆಗೆ ಉತ್ತರಿಸಬೇಕು. ಮಳಿಗೆಯ ಸರ್ವರ್ ಅಮೆರಿಕದಲ್ಲಿರುವುದರಿಂದ, ಅಲ್ಲಿಂದ ಜಗತ್ತಿನ ಬಳಕೆದಾರರಿಗೆ ತಲುಪುವುದು ಅಮೆರಿಕದ ರಫ್ತಾಗುತ್ತದೆ. ಹೀಗೆ ಚಿಕ್ಕಬಳ್ಳಾಪುರದಲ್ಲಿ ಕುಳಿತು ಬರೆದ ತಂತ್ರಾಂಶವನ್ನು ಚಿಂತಾಮಣಿಯವರು ಪಡೆದುಕೊಳ್ಳುವಾಗಲೂ ಅದು ಬೇರೊಂದು ದೇಶದ ರಫ್ತು ನಿಯಮವನ್ನು ಹಾದುಬರುತ್ತದೆ.

ಸರಕಿನ ರೂಪದ ರಫ್ತಿಗೆ ಕೋಲಾರ ಜಿಲ್ಲೆಯ ನರಸಾಪುರವು ಹತ್ತಿರದ ಉದಾಹರಣೆ. ಅಲ್ಲಿನ ಕಾರ್ಖಾನೆಯಲ್ಲಿ ಜೋಡಣೆಯಾಗುವ ಐಫೋನ್‌ಗಳಲ್ಲಿ ಬಲವಾದ ಗೂಢಲಿಪೀಕರಣವಿದೆ. ಸಾಮೂಹಿಕ ಮಾರಾಟದ ವಿನಾಯಿತಿ ಇಲ್ಲದೆ ಹೋಗಿದ್ದರೆ ಇಂತಹ ಪ್ರತಿಯೊಂದು ಸಾಗಣೆಗೂ ಪರವಾನಗಿ ಬೇಕಾಗುತ್ತಿತ್ತು.

ಬಳಕೆಯ ದೃಷ್ಟಿಯಿಂದ ನೋಡಿದರೆ, 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರಚನೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯ ಕೃಷಿ ವ್ಯವಹಾರಗಳು ಈ ನಿಯಮಗಳು ಯಾರನ್ನು ಮುಟ್ಟುತ್ತವೆ ಎಂಬುದನ್ನು ತೋರಿಸುತ್ತವೆ. ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ರೀಲರುಗಳು ಕೂಗಿದ ಬೆಲೆಯ ಹಣವು ಬೆಳೆಗಾರರ ಬ್ಯಾಂಕ್ ಖಾತೆಗೆ ಜಮೆಯಾಗುವ ವ್ಯವಸ್ಥೆಯಿದೆ. ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಾಗಲಿ ಗೌರಿಬಿದನೂರಿನ ಅಂಗಡಿಬೀದಿಯಲ್ಲಾಗಲಿ ಫೋನಿನ ಮೂಲಕ ನಡೆಯುವ ಪಾವತಿಗೆ ಆಧಾರವಾಗಿರುವುದು 1990ರ ದಶಕದಲ್ಲಿ ಯುದ್ಧಸಾಮಗ್ರಿಯೆನಿಸಿದ್ದ ಬಲದ ಗೂಢಲಿಪೀಕರಣವೇ. 40 ಬಿಟ್‌ಗಳ ರಕ್ಷಣೆ ಇಂದೂ ಇದ್ದಿದ್ದರೆ ಒಂದು ಬೆಳೆಯ ಹಣವನ್ನು ಕಾಯುವ ಬೀಗವನ್ನು ಒಂದು ಸಾಮಾನ್ಯ ಗಣಕಯಂತ್ರದಿಂದಲೇ ತೆರೆಯಬಹುದಾಗಿತ್ತು.

ಉಳಿದುಬಂದ ಪರಿಣಾಮಗಳು

ರಫ್ತು ಮಿತಿಗಳು ಹೋದ ನಂತರವೂ ಅವುಗಳಿಗಾಗಿ ಬರೆದ ಆದೇಶಸಾಲುಗಳು ತಂತ್ರಾಂಶಗಳಲ್ಲಿ ಉಳಿದುಕೊಂಡವು. ಹಳೆಯ ಗಣಕಯಂತ್ರಗಳೊಡನೆ ಹೊಂದಾಣಿಕೆ ತಪ್ಪದಿರಲೆಂದು ಅನೇಕ ಸರ್ವರ್‌ಗಳು ರಫ್ತು ದರ್ಜೆಯ ದುರ್ಬಲ ವಿಧಾನಗಳನ್ನು ಒಪ್ಪಿಕೊಳ್ಳುತ್ತಲೇ ಇದ್ದವು. 2015ರ ಮಾರ್ಚ್‌ನಲ್ಲಿ ಬಹಿರಂಗವಾದ ಫ್ರೀಕ್ ಎಂಬ ದೋಷವು, ನಡುವೆ ಸೇರಿಕೊಂಡ ಆಕ್ರಮಣಕಾರನು ಹೊಸ ಜಾಲವೀಕ್ಷಕವನ್ನೂ 512 ಬಿಟ್‌ಗಳ ಆರ್‌ಎಸ್‌ಎ ಕೀಲಿಕೈಗೆ ಇಳಿಸಬಹುದೆಂದು ತೋರಿಸಿತು. 1999ರಲ್ಲಿ ಅಂತಹ ಸಂಖ್ಯೆಯೊಂದನ್ನು ಅಪವರ್ತಿಸಲು ತಿಂಗಳುಗಳೇ ಬೇಕಾಗಿದ್ದವು. 2015ರಲ್ಲಿ ಸುಮಾರು 100 ಡಾಲರ್ ಬಾಡಿಗೆಯ ಗಣಕಶಕ್ತಿಯಿಂದ ಕೆಲವೇ ಗಂಟೆಗಳಲ್ಲಿ ಅದು ಸಾಧ್ಯವಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಲಾಗ್‌ಜ್ಯಾಮ್, 2016ರ ಮಾರ್ಚ್‌ನಲ್ಲಿ ಡ್ರೌನ್ ಎಂಬ ದೋಷಗಳು ಬೆಳಕಿಗೆ ಬಂದವು. ಈ ಮೂರಕ್ಕೂ ರಫ್ತು ದರ್ಜೆಯ ಗೂಢಲಿಪೀಕರಣದ ಪಳೆಯುಳಿಕೆಗಳು ಕಾರಣವಾಗಿದ್ದವು. ಹೊರದೇಶದವರನ್ನು ಉದ್ದೇಶಿಸಿ ಮಾಡಿದ್ದ ದೌರ್ಬಲ್ಯವು ಹದಿನೈದು ವರ್ಷಗಳ ನಂತರ ಅಮೆರಿಕದ ಜಾಲತಾಣಗಳನ್ನೂ ಅಪಾಯಕ್ಕೆ ಒಡ್ಡಿತು.

ಪರ ಮತ್ತು ವಿರೋಧ ವಾದಗಳು

ನಿಯಂತ್ರಣವನ್ನು ಸಮರ್ಥಿಸುವವರು ಭಯೋತ್ಪಾದನೆ, ಬೇಹುಗಾರಿಕೆ ಮತ್ತು ಸಂಘಟಿತ ಅಪರಾಧಗಳ ತನಿಖೆಯಲ್ಲಿ ಸಂದೇಶಗಳನ್ನು ಓದುವ ಸಾಮರ್ಥ್ಯವು ಅಗತ್ಯವೆನ್ನುತ್ತಾರೆ. ಸೈನಿಕ ಬಳಕೆಯ ವಿಶೇಷ ಉಪಕರಣಗಳೂ ಗೂಢಲಿಪಿಯನ್ನು ಭೇದಿಸುವ ಸಾಧನಗಳೂ ಅಪಾಯಕಾರಿ ಕೈಗಳಿಗೆ ಸೇರದಂತೆ ತಡೆಯುವುದು ನ್ಯಾಯವಾದ ಉದ್ದೇಶವೆಂಬುದು ಅವರ ವಾದ. ಪರವಾನಗಿ ವ್ಯವಸ್ಥೆಯು ನಿಷೇಧವಾಗಿರದೆ, ಯಾವ ಸರಕು ಯಾರಿಗೆ ಹೋಗುತ್ತಿದೆ ಎಂಬ ಅರಿವನ್ನು ಸರ್ಕಾರಕ್ಕೆ ನೀಡುತ್ತದೆಂದೂ ಅವರು ಹೇಳುತ್ತಾರೆ.

ವಿರೋಧಿಸುವವರ ಪ್ರಕಾರ, ಪ್ರಕಟಿತ ಗಣಿತವನ್ನು ಗಡಿಯಲ್ಲಿ ತಡೆಯಲಾಗದು. ಬಲವಾದ ಗೂಢಲಿಪಿಯನ್ನು ಬಯಸುವ ಅಪರಾಧಿಯು ಅದನ್ನು ಬೇರೆಡೆಯಿಂದ ಪಡೆಯುತ್ತಾನೆ, ನಿಯಮವನ್ನು ಪಾಲಿಸುವ ಸಾಮಾನ್ಯ ಬಳಕೆದಾರನಿಗೆ ಮಾತ್ರ ದುರ್ಬಲ ರಕ್ಷಣೆ ಉಳಿಯುತ್ತದೆ. ವರ್ಗೀಕರಣ ಮತ್ತು ವರದಿಗಳ ವೆಚ್ಚವನ್ನು ದೊಡ್ಡ ಸಂಸ್ಥೆಗಳು ಭರಿಸಬಲ್ಲವಾದರೂ ಸಣ್ಣ ಸಂಸ್ಥೆಗಳಿಗೆ ಅದು ಹೊರೆಯಾಗುತ್ತದೆ. 1990ರ ದಶಕದ ಅನುಭವವು ಈ ವಾದಕ್ಕೆ ಮುಖ್ಯ ಆಧಾರವಾಗಿದೆ. ಕೀಲಿಕೈಯ ಉದ್ದವನ್ನೇ ಅಳತೆಗೋಲಾಗಿ ಇಟ್ಟುಕೊಂಡ ಕಾನೂನುಗಳು ಗಣಕಯಂತ್ರಗಳ ವೇಗದ ಮುಂದೆ ಕೆಲವೇ ವರ್ಷಗಳಲ್ಲಿ ಹಳೆಯದಾದವು. ಸರಕಿನ ಸ್ವರೂಪ, ಕೊಳ್ಳುವವರು ಮತ್ತು ಅಂತಿಮ ಬಳಕೆಯನ್ನು ನೋಡಿ ನಿರ್ಧರಿಸುವ ಪದ್ಧತಿಯತ್ತ ಬಹುತೇಕ ರಾಷ್ಟ್ರಗಳು ಅನಂತರ ಸಾಗಿವೆ.